ಗೌಸಮೊದ್ದೀನನ ಥಂಡಿ ಗಡಿಯಾರ

ಹಳೇ ಹುಬ್ಬಳ್ಳಿಯ ಪಿಂಜಾರ ಓಣಿಯಲ್ಲಿ ಗೌಸಮೊದ್ದೀನನಂಥ ಕೆಲಸಗಾರ ಇನ್ನೊಬ್ಬನಿರಲಿಲ್ಲ. ಈ ಮಾತನ್ನು ಗೌಸಮೊದ್ದೀನನೇ ಹೇಳಿಕೊಂಡು ತಿರುಗುತ್ತಿದ್ದುದರಿಂದ ಅದನ್ನು ಅಲ್ಲಗಳೆಯುವ ಗೋಜಿಗೆ ಯಾರೂ ಹೋಗಿರಲಿಲ್ಲ. ಅವನ ಅರಳೆ ಹಿಂಜುವ ಬಿಲ್ಲಿನ ಹೊಡೆತಕ್ಕೆ ಹತ್ತು ವರ್ಷದ ಗಂಟುಗಟ್ಟಿದ ಅರಳೆಯೂ ನೊರೆಯ ಹಾಗೆ ಬಿಚ್ಚಿಕೊಳ್ಳುತ್ತಿತ್ತು. ಅವನ ಹೆಂಡತಿ ಮಾಶಾಬಿ ಹಾಕಿದ ಹೊಲಿಗೆ ಬಟ್ಟೆ ಹರಿದರೂ ಬಿಡುತ್ತಿರಲಿಲ್ಲ. ಇಷ್ಟಿದ್ದೂ ಅವನ ರಜಾಯಿಗಳು ಅಂಗಡಿಯಲ್ಲೇ ಮಡಚಿಕೊಂಡು ಕೂತಿರುತ್ತಿದ್ದವು. ಕಾರಣ ಜನರ ಸ್ವಭಾವ. ದೀಪಾವಳಿಯ ಹೊತ್ತಿಗೆ ಈ ವರ್ಷ ಥಂಡಿ ಜೋರು ಎಂದರೆ, ಹೋದ ವರ್ಷವೂ ನೀನು ಇದನ್ನೇ ಹೇಳಿದ್ದೆ ಎನ್ನುತ್ತಿದ್ದರು. ಪುಷ್ಯದಲ್ಲಿ ಹಲ್ಲು ಕಟಕಟ ಎನ್ನಿಸುತ್ತ ಬಂದವರು ಕೂಡ, ಇನ್ನೆಷ್ಟು ದಿನ ಮಹಾ, ಶಿವರಾತ್ರಿ ಬಂತಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ಹಳೆಯ ಕೌದಿಯೊಳಗೆ ಮುದುಡಿಕೊಳ್ಳುತ್ತಿದ್ದರು. ಥಂಡಿ ಬಾಯಿಮಾತಿನಲ್ಲಿ ಇರುವ ತನಕ ಜನ ನಂಬುವುದಿಲ್ಲ, ಅದು ಕಣ್ಣಿಗೆ ಕಾಣಬೇಕು ಎಂಬ ನಿರ್ಧಾರಕ್ಕೆ ಗೌಸಮೊದ್ದೀನ ಬಂದದ್ದು ಹೀಗೆ.

ಮೂವತ್ತೇಳನೇ ಇಸವಿಯ ಚಳಿಗಾಲ. ರೈಲ್ವೆ ಬಂಗಲೆಯ ದೊರೆಯೊಬ್ಬ ಗಂಟುಮೂಟೆ ಕಟ್ಟಿ ವಿಲಾಯತಿಗೆ ಹೊರಟಿದ್ದ. ಅವನ ಬಟ್ಲರನ ಗಾದಿಯನ್ನು ಗೌಸಮೊದ್ದೀನ ಹಿಂಜಿ ಹೊಸದು ಮಾಡಿಕೊಟ್ಟಿದ್ದ. ಅದಕ್ಕೆ ಬದಲಾಗಿ ಬಟ್ಲರ್ ಬಂಗಲೆಯ ವರಾಂಡದಿಂದ ಬಿಚ್ಚಿ ತಂದ ಒಂದು ಥರ್ಮಾಮೀಟರನ್ನು ಅವನ ಕೈಗಿತ್ತ. ಗೇಣುದ್ದದ ಮರದ ಪಟ್ಟಿ, ಅದರ ಮೇಲೊಂದು ಗಾಜಿನ ಕೊಳವೆ, ಕೊಳವೆಯ ಬುಡದಲ್ಲಿ ಪಾದರಸದ ಗುಂಡು. ಪಾದರಸ ಮೇಲೇರಿದರೆ ಸೆಕೆ, ಕೆಳಗಿಳಿದರೆ ಥಂಡಿ, ಮೂವತ್ತೆರಡಕ್ಕೆ ಇಳಿಯಿತೆಂದರೆ ನೀರು ಬರ್ಫವಾಗುತ್ತದೆ. ಬಟ್ಲರ್ ಕಲಿಸಿದ ವಿದ್ಯೆ ಇಷ್ಟೇ, ಗೌಸಮೊದ್ದೀನ ಕಲಿಯಲು ಸಿದ್ಧನಿದ್ದದ್ದೂ ಇಷ್ಟೇ.

ಅವನು ಅದನ್ನು ಅಂಗಡಿಯ ಹೊರಗಂಬಕ್ಕೆ, ಹೋಗಿಬರುವವರ ಕಣ್ಣಿಗೆ ರಾಚುವಂತೆ, ಮೊಳೆ ಹೊಡೆದು ತೂಗುಹಾಕಿದ. ಪಾದರಸ ಇಳಿಯುವುದು, ಅದನ್ನು ಕಂಡ ಜನ ಹೌಹಾರಿ ಅಂಗಡಿಯೊಳಗೆ ನುಗ್ಗುವುದು, ಮಾಶಾಬಿಗೆ ಸೂಜಿಗೆ ದಾರ ಪೋಣಿಸಲೂ ಪುರುಸೊತ್ತು ಸಿಗದಂತಾಗುವುದು, ಇದೆಲ್ಲ ಅವನ ಮಟ್ಟಿಗೆ ಆಗಲೇ ನಡೆದುಹೋದ ಸಂಗತಿಯಾಗಿತ್ತು. ಓಣಿಯವರು ಅದಕ್ಕೆ ಥಂಡಿ ಗಡಿಯಾರ ಎಂದು ಹೆಸರಿಟ್ಟರು.

ಆ ಸಲದ ಪುಷ್ಯ ಮೊದಲೇ ಮುಖ ಗಂಟುಹಾಕಿಕೊಂಡು ಬಂದಿತ್ತು. ಮೋಡ ಕವಿದು ಬಿಸಿಲೆಂಬುದೇ ಇರಲಿಲ್ಲ. ಮೂಡಗಾಳಿ ಬೆಳಗಿನಿಂದ ಸಂಜೆಯ ತನಕ ಓಣಿಯಲ್ಲಿ ಗುಡಿಸಿದ್ದನ್ನೇ ಗುಡಿಸುತ್ತಿತ್ತು. ಗಡಿಯಾರ ತೂಗಿದ ಮರುದಿನ ಬೆಳಗಾಗುವುದರೊಳಗೆ ಕಂಬದ ಸುತ್ತ ಜನ ನೆರೆದರು. ಹಾಲು ಮಾರುವ ದುರಗವ್ವ ಗೋಣಿಚೀಲವನ್ನು ಕೊಪ್ಪೆ ಮಾಡಿ ಹೊದ್ದು, ಕೈಯ ಚೆಂಬು ಕುಣಿಯುವ ಹಾಗೆ ನಡುಗುತ್ತ ನಿಂತಿದ್ದಳು. ಪಾದರಸ ಅರವತ್ತರಲ್ಲಿ ನಿಂತಿತ್ತು. ಅರವತ್ತೆಂದರೆ ಹೆಚ್ಚೋ ಕಡಿಮೆಯೋ ಯಾರಿಗೂ ಬಗೆಹರಿಯದೆ, ಪೆನ್ಶನ್ ಪಡೆದು ಮನೆಯಲ್ಲಿದ್ದ ಮಹಾಂತಯ್ಯ ಮಾಸ್ತರರನ್ನು ಕರೆತಂದರು. ಅವರು ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದವರು. ಪಟ್ಟಿಯ ಮೇಲೆ ಬೆರಳಿಟ್ಟು ಕೆಳಗಿನಿಂದ ಮೇಲಕ್ಕೆ ಎಣಿಸಿದರು, ನಂಬಿಕೆ ಸಾಲದೆ ಮೇಲಿನಿಂದ ಕೆಳಕ್ಕೂ ಎಣಿಸಿದರು. ಬರ್ಫಕ್ಕೂ ನಮಗೂ ನಡುವೆ ಇಪ್ಪತ್ತೆಂಟು ಪಾವಟಿಗೆಗಳಿವೆ, ಆದ್ದರಿಂದ ಇದು ಥಂಡಿಯಲ್ಲ ಎಂದು ಸಾರಿದರು. ಹಾಗಾದರೆ ತಾನೇಕೆ ನಡುಗುತ್ತಿದ್ದೇನೆಂದು ದುರಗವ್ವ ಕೇಳಿದಳು.

"ನಡಗೂದು ಬ್ಯಾರೆ, ಥಂಡಿ ಬ್ಯಾರೆ" ಎಂದರು ಮಹಾಂತಯ್ಯನವರು. "ಥಂಡಿ ಇಲ್ಲೆ ಪಟ್ಟೀ ಮ್ಯಾಲ ಇರತದ. ನಡಗೂದು ಬರೇ ಮನಸಿನಾಗ ಇರತದ."

ದುರಗವ್ವ ನಾಚಿ ಗೋಣಿಚೀಲವನ್ನು ತೆಗೆದು ಕಂಕುಳಲ್ಲಿಟ್ಟುಕೊಂಡಳು. ಅಂದಿನಿಂದ ಓಣಿಗೆ ಹೊಸದೊಂದು ಕಾಯಿದೆ ಬಂತು. ಹೆಂಡತಿ ಥಂಡಿ ಎಂದರೆ ಗಂಡ, ಗಡಿಯಾರ ನೋಡಿ ಬಾ ಎನ್ನುತ್ತಿದ್ದ. ಸೊಸೆ ಕಂಬಳಿ ಹುಡುಕಿದರೆ ಅತ್ತೆ, ಅರವತ್ತಕ್ಕೇ ಇಷ್ಟು ನಾಜೂಕೇ ಎಂದು ಕೇಳುತ್ತಿದ್ದಳು. ಟಾಂಗಾ ಹೊಡೆಯುವವರು ಬೆಂಕಿಗೆ ಮೈ ಕಾಯಿಸಿಕೊಳ್ಳುವುದನ್ನು ನಿಲ್ಲಿಸಿ, ಮರ್ಯಾದಸ್ಥರ ಹಾಗೆ ಕೈಕಟ್ಟಿ ನಿಂತು ನೀಲಿಗಟ್ಟಿದರು. ಮಗಳನ್ನು ಗಂಡನ ಮನೆಗೆ ಕಳಿಸಲು ಎರಡು ರಜಾಯಿ ಹೇಳಿಹೋಗಿದ್ದ ಅಹಮದಸಾಬ, ಪಾದರಸ ನಲವತ್ತಕ್ಕೆ ಇಳಿದ ದಿನ ಹೇಳಿಕಳಿಸು, ಬಂದು ಒಯ್ಯುತ್ತೇನೆ ಎಂದು ನಗುನಗುತ್ತ ಹೊರಟುಹೋದ. ಹುಬ್ಬಳ್ಳಿ ಹುಟ್ಟಿದಾಗಿನಿಂದ ಪಾದರಸ ನಲವತ್ತಕ್ಕೆ ಇಳಿದದ್ದನ್ನು ಯಾರೂ ಕೇಳಿರಲಿಲ್ಲ, ಮುಂದೆಯೂ ಅದು ಇಳಿಯುವ ಲಕ್ಷಣವಿರಲಿಲ್ಲ.

ಮಾಶಾಬಿ ಎಂಟು ದಿನ ಸುಮ್ಮನೆ ನೋಡಿದಳು. ಒಂಬತ್ತನೆಯ ದಿನ ಸೂಜಿಯನ್ನು ದಿಂಬಿಗೆ ಚುಚ್ಚಿಟ್ಟು ಬಾಯಿ ತೆರೆದಳು.

"ನಮ್ಮ ಬಾಗಲಕ್ಕ ನಮ್ಮ ವಿರುದ್ಧದ ಸಾಕ್ಷೀನ್ನ ನೀವ ತೂಗಹಾಕೀರಿ. ಇಳಿಸಿ ಒಳಗ ಇಡ್ರಿ ಅದನ್ನ."

ಮಾತು ಸರಿ ಎಂದು ಗೌಸಮೊದ್ದೀನನಿಗೂ ಗೊತ್ತಿತ್ತು. ಆದರೆ ಇಷ್ಟು ವರ್ಷ ಏ ಪಿಂಜಾರ ಎಂದು ಕರೆಯುತ್ತಿದ್ದವರು ಈಗ, ಗೌಸಸಾಹೇಬ್ರ, ಇವತ್ತ ಎಷ್ಟೈತ್ರಿ ಎಂದು ನಿಂತು ಕೇಳುತ್ತಿದ್ದರು. ಒಬ್ಬ ಫೌಜದಾರ ಸೈಕಲ್ಲಿನಿಂದ ಇಳಿದು ಕೇಳಿದ್ದ. ರಜಾಯಿ ಮಾರಿ ಅವನಿಗೆ ಇಂಥ ಗೌರವ ಒಂದು ದಿನವೂ ಸಿಕ್ಕಿರಲಿಲ್ಲ. ಹೊಟ್ಟೆ ಖಾಲಿಯಾಗುತ್ತ ಬಂದಷ್ಟೂ ಅವನ ಎದೆ ಉಬ್ಬುತ್ತ ಹೋಯಿತು, ಗಡಿಯಾರ ಕಂಬದ ಮೇಲೆಯೇ ಉಳಿಯಿತು.

ಹೀಗೆಲ್ಲ ಆದರೂ ಅವನಿಗೊಂದು ದೊಡ್ಡ ಭರವಸೆಯಿತ್ತು. ಧಾರವಾಡದಲ್ಲಿ ಮಾಳಮಡ್ಡಿಯ ಆಚೆ, ಬೋಳು ದಿಬ್ಬದ ಮೇಲೆ, ಕ್ರಿಸ್ತ ಸಭೆಯ ಕೆಲವರು ಸೇರಿ ದಿಕ್ಕಿಲ್ಲದ ಮುದುಕಿಯರಿಗಾಗಿ ಒಂದು ಆಶ್ರಯದ ಮನೆ ನಡೆಸುತ್ತಿದ್ದರು. ಅಲ್ಲಿ ಹದಿನೆಂಟು ಮುದುಕಿಯರಿದ್ದರು. ಹದಿನೆಂಟು ರಜಾಯಿ ಬೇಕೆಂದು ಆ ಮನೆಯ ಸೆಕ್ರೆಟರಿ ಪಾಲ್ ಮಾಸ್ತರರು ದೀಪಾವಳಿಯಲ್ಲೇ ಹೇಳಿಕಳಿಸಿದ್ದರು. ಅರಳೆ ಬಂದು ಅಂಗಡಿಯಲ್ಲಿ ಬಿದ್ದಿತ್ತು, ಮೇಲಿನ ಬಟ್ಟೆಯನ್ನು ಕಮಿಟಿ ಕೊಡಬೇಕಾಗಿತ್ತು. ಅದನ್ನು ಕೊಡುವುದಕ್ಕೆಂದೇ ಪಾಲ್ ಮಾಸ್ತರರು ಒಂದು ಬೆಳಗ್ಗೆ ಹುಬ್ಬಳ್ಳಿಗೆ ಬಂದರು, ಬಂದವರು ಕಂಬದ ಮುಂದೆ ನಿಂತುಬಿಟ್ಟರು.

ಪಾಲ್ ಮಾಸ್ತರರು ಕೆಟ್ಟವರಲ್ಲ. ಸುಳ್ಳು ಹೇಳುವವರಲ್ಲ, ಪರರ ವಸ್ತು ಮುಟ್ಟುವವರಲ್ಲ. ಅವರಿಗಿದ್ದ ದೌರ್ಬಲ್ಯ ಒಂದೇ, ಅಂಕಿ ಕಂಡರೆ ಕರಗಿಹೋಗುತ್ತಿದ್ದರು. ಗೌಸಮೊದ್ದೀನನಾದರೂ ಆಗ ಬಾಯಿ ಮುಚ್ಚಿಕೊಂಡಿರಬಹುದಿತ್ತು. ಇದು ದೊರೆಯ ಬಂಗಲೆಯದು, ಒಂದು ಕೂದಲೆಳೆಯಷ್ಟೂ ತಪ್ಪು ಹೇಳುವುದಿಲ್ಲ, ಇಡೀ ಚಳಿಗಾಲದಲ್ಲಿ ಐವತ್ತೆಂಟರ ಕೆಳಗೆ ಇಳಿದೇ ಇಲ್ಲ ಎಂದು ಅವನು, ತಂದೆ ಮಗನ ಬಗ್ಗೆ ಹೇಳುವಷ್ಟು ಹೆಮ್ಮೆಯಿಂದ ಹೇಳಿದ. ಪಾಲ್ ಮಾಸ್ತರರ ಮುಖ ಅರಳಿತು. ಅರವತ್ತೆಂದರೆ ವಿಲಾಯತಿಯಲ್ಲಿ ಜನ ತೋಟದಲ್ಲಿ ಕೂತು ಚಹಾ ಕುಡಿಯುವ ಹವೆ ಎಂದು ಅವರು ಎಲ್ಲೋ ಓದಿದ್ದರು. ಅಲ್ಲಿನವರು ತೋಟದಲ್ಲಿ ಕೂರುವ ಹವೆಗೆ ಇಲ್ಲಿನವರು ರಜಾಯಿ ಹೊದೆಯುವುದು ದಾನದ ದುರುಪಯೋಗವೆಂದು ಅವರಿಗೆ ಕೂಡಲೇ ಹೊಳೆಯಿತು. ಪಾದರಸ ಐವತ್ತೈದಕ್ಕೆ ಇಳಿದ ದಿನ ಕೆಲಸ ಶುರುಮಾಡಬೇಕು, ಅಲ್ಲಿಯ ತನಕ ಬೇಡ ಎಂದು ತೀರ್ಮಾನಿಸಿ, ತಂದ ಬಟ್ಟೆಯ ಗಂಟನ್ನು ಮತ್ತೆ ಬಗಲಿಗೇರಿಸಿದರು. ದಿಬ್ಬದ ಮೇಲಿನ ಅಂಕಿಯೂ ಗೊತ್ತಾಗಲಿ ಎಂದು ಮರುದಿನ ಗಡಿಯಾರದೊಂದಿಗೆ ಧಾರವಾಡಕ್ಕೆ ಬರುವಂತೆ ಗೌಸಮೊದ್ದೀನನಿಗೆ ಹೇಳಿಹೋದರು.

ಮರುದಿನ ಮೊದಲ ಗಾಡಿಗೆ ಅವನು ಹೋದ. ಆಶ್ರಯದ ಮನೆಯನ್ನು ಕಟ್ಟಿಸಿದ ಪುಣ್ಯಾತ್ಮರು ಗಾಳಿ ಬೆಳಕು ಆರೋಗ್ಯಕ್ಕೆ ಒಳ್ಳೆಯದೆಂದು ನಂಬಿದ್ದರು. ಮುದುಕಿಯರು ಮಲಗುವ ಉದ್ದನೆಯ ಕೋಣೆಗೆ ಎರಡೂ ಕಡೆ ಎತ್ತರದ ಕಿಟಕಿಗಳಿದ್ದವು, ಕಿಟಕಿಗಳಿಗೆ ಸರಳುಗಳಿದ್ದವು, ಕದಗಳಿರಲಿಲ್ಲ. ಮೂಡಗಾಳಿ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಡುತ್ತಿತ್ತು, ನಡುವೆ ಹದಿನೆಂಟು ಹಾಸಿಗೆಗಳಿದ್ದವು. ಪಾಲ್ ಮಾಸ್ತರರ ಆಫೀಸು ಮಾತ್ರ ಕಾಗದಪತ್ರ ಹಾರಬಾರದೆಂಬ ಕಾರಣಕ್ಕೆ ಗಾಜಿನ ಕದಗಳಿಂದ ಭದ್ರವಾಗಿತ್ತು. ಅವರು ಕತ್ತಿನ ತನಕ ಗುಂಡಿ ಹಾಕಿದ ಕರಿಯ ಕೋಟಿನಲ್ಲಿ ಹೊರಬಂದು ಗಡಿಯಾರ ನೋಡಿದರು. ಐವತ್ತೆಂಟು. ಗೌಸಮೊದ್ದೀನನ ಕೈ ಎಷ್ಟು ನಡುಗುತ್ತಿತ್ತೆಂದರೆ ಅಂಕಿ ಓದುವುದಕ್ಕೆ ಪಾಲ್ ಮಾಸ್ತರರೇ ಅವನ ಮಣಿಕಟ್ಟು ಹಿಡಿಯಬೇಕಾಯಿತು. ಆ ಮನೆಯನ್ನು ನೋಡಿಕೊಳ್ಳುತ್ತಿದ್ದ ಗ್ರೇಸಿಬಾಯಿ, ಗಾಜನ್ನು ಕೇಳುವ ಬದಲು ಒಳಗಿರುವವರನ್ನೊಮ್ಮೆ ಕೇಳಬಾರದೇ ಎಂದು ಮೆಲ್ಲಗೆ ಅಂದಳು. ಮುದುಕಿಯರು ಎಲ್ಲ ಕಾಲದಲ್ಲೂ ನಡುಗುತ್ತಾರೆ, ಅದನ್ನು ಬರೆದಿಡಲು ಬರುವುದಿಲ್ಲ ಎಂದು ಪಾಲ್ ಮಾಸ್ತರರು ಒಳಗೆ ಹೋದರು.

ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ರಾಹೇಲ ಎಂಬ ಮುದುಕಿ ಕೂತಿದ್ದಳು. ಕಣ್ಣಿಗೆ ಪೊರೆ ಬಂದು ಅವಳಿಗೆ ಬೆಳಕು ಕತ್ತಲೆಗಳ ಭೇದವಷ್ಟೇ ತಿಳಿಯುತ್ತಿತ್ತು. ಒಂದು ತೆಳ್ಳನೆಯ ಚಾದರವನ್ನು ನಾಲ್ಕು ಮಡಿಕೆ ಮಾಡಿದರೆ ಬೆಚ್ಚಗೆ, ಆದರೆ ಕಾಲು ಹೊರಗೆ. ಮಡಿಕೆ ಬಿಚ್ಚಿದರೆ ಕಾಲು ಒಳಗೆ, ಬೆಚ್ಚಗಿಲ್ಲ. ಇದನ್ನು ಬಗೆಹರಿಸುವುದರಲ್ಲಿ ಅವಳ ದಿನ ಕಳೆಯುತ್ತಿತ್ತು. ಗೌಸಮೊದ್ದೀನನ ದನಿ ಕೇಳಿ ಅವನನ್ನು ಹತ್ತಿರ ಕರೆದಳು.

"ರಜಾಯಿ ಸಾಬ ನೀನ ಏನಪಾ? ಯಾವಾಗ ತರತಿ?"

ಗೌಸಮೊದ್ದೀನ ಬಾಗಿಲಿನ ಕಡೆ ನೋಡಿದ, ಕೈಯಲ್ಲಿದ್ದ ಗಡಿಯಾರ ನೋಡಿದ. "ಎಂಟ ದಿನದಾಗ ತರತೇನಿ, ಆಯಿ" ಎಂದ.

"ಎಂಟ ದಿನಾ ಏನ, ತಡಕೋತೇನಿ ಬಿಡು" ಎಂದಳು ರಾಹೇಲ. "ಅದಕ್ಕೂ ಹೆಚ್ಚ ಮಾಡಬ್ಯಾಡ. ಆಮ್ಯಾಲ ನನಗ ಸಿಟ್ಟ ಬರತೈತಿ."

ವಾಪಸು ಬರುವಾಗ ಗಾಡಿಯಲ್ಲಿ ಯಾರೋ ಇವತ್ತು ಎಷ್ಟಿದೆ ಎಂದು ಕೇಳಿದರು. ಗೌಸಮೊದ್ದೀನ ಗಡಿಯಾರವನ್ನು ಮಗುಚಿ ಹಿಡಿದು ಕಿಟಕಿಯ ಕಡೆ ತಿರುಗಿದ. ತನ್ನ ಗೌರವದ ಬೆಲೆಯನ್ನು ಆ ಮುದುಕಿ ತೆರುತ್ತಿದ್ದಾಳೆಂದು ಅವನಿಗೆ ಅರ್ಥವಾಗಿತ್ತು, ಅರ್ಥವಾದದ್ದು ಅವನಿಗೆ ಸಹಿಸಲಾಗುತ್ತಿರಲಿಲ್ಲ. ಹೇಗಾದರೂ ಮಾಡಿ ಪಾದರಸವನ್ನು ಐವತ್ತೈದಕ್ಕೆ ಇಳಿಸಬೇಕು. ಗಾಳಿಯಿಂದ ಥಂಡಿಯಾಗುವುದಾದರೆ ಗಾಳಿಯನ್ನು ಹೆಚ್ಚು ಮಾಡಬೇಕು, ಇದರಲ್ಲಿ ಅವನಿಗೆ ಎಳ್ಳಷ್ಟೂ ಸಂದೇಹವಿರಲಿಲ್ಲ.

ಮರುದಿನ ಬೆಳಗ್ಗೆ ಪಿಂಜಾರ ಓಣಿ ಒಂದು ಅಪೂರ್ವ ನೋಟವನ್ನು ಕಂಡಿತು. ಮೈ ಕೊರೆಯುವ ಚಳಿಯಲ್ಲಿ ಗೌಸಮೊದ್ದೀನ ಒಂದು ಮೊರ ಹಿಡಿದು, ಕಾಳು ತೂರುವವನ ಹಾಗೆ, ಕಂಬದ ಮೇಲಿನ ಗಡಿಯಾರಕ್ಕೆ ಗಾಳಿ ಹಾಕುತ್ತಿದ್ದ. ದುರಗವ್ವ ಅವನಿಗೆ ದೆವ್ವ ಹಿಡಿದಿದೆ ಎಂದಳು. ಅಹಮದಸಾಬ ಗಡಿಯಾರಕ್ಕೆ ಸೆಕೆಯಾಗುತ್ತಿರಬೇಕು ಎಂದ. ಅರ್ಧ ತಾಸು ಬೀಸಿ ಗೌಸಮೊದ್ದೀನನಿಗೆ ಬೆವರು ಬಂತು, ಪಾದರಸ ಅರವತ್ತರಿಂದ ಕದಲಲಿಲ್ಲ. ಮಾಳಿಗೆಯ ಮೇಲೆ ಹತ್ತಿ ಗಾಳಿಗೆ ಎದುರಾಗಿ ಹಿಡಿದ, ಆಗಲೂ ಅರವತ್ತು. ಗಾಳಿಗೂ ಥಂಡಿಗೂ ಸಂಬಂಧವಿಲ್ಲವೆಂದು ಇದರಿಂದ ಸಿದ್ಧವಾಯಿತೆಂದು ಮಹಾಂತಯ್ಯನವರು ಶಾಲಿನೊಳಗಿನಿಂದ ಹೇಳಿದರು. ಹೇಳುವಾಗ ಅವರ ದವಡೆ ಅದುರಿ ಆ ಮಾತು ಮೂರು ತುಂಡಾಗಿ ಹೊರಬಂತು.

ಗೌಸಮೊದ್ದೀನ ಕೆಳಗಿಳಿದು ಅದನ್ನು ಕಂಬಕ್ಕೆ ಹಾಕಿ, ಬೆವರಿದ ಮುಖ ತೊಳೆದು ಬಂದು, ಸಿಟ್ಟಿನಿಂದ ಒದ್ದೆ ಕೈಯಲ್ಲೇ ಮತ್ತೆ ಕಿತ್ತುಕೊಂಡ. ಹನಿ ನೀರು ಗುಂಡಿಗೆ ತಾಗಿ, ಗಾಳಿ ಸೋಕಿದ್ದೇ ತಡ, ಪಾದರಸ ಸರಸರನೆ ಐವತ್ತನಾಲ್ಕಕ್ಕೆ ಇಳಿಯಿತು. ಒಣಗಿದೊಡನೆ ಮತ್ತೆ ಮೇಲೇರಿತು. ಅವನು ಪುನಃ ನೀರು ಸೋಕಿಸಿದ, ಅದು ಪುನಃ ಇಳಿಯಿತು. ಹುಟ್ಟಿದಾಗಿನಿಂದ ಯಾರಿಗೂ ಮೋಸ ಮಾಡದ ಮನುಷ್ಯ ಅಂದು ಮೋಸ ಮಾಡುವ ನಿರ್ಧಾರ ಮಾಡಿದ, ಅನುಭವವಿಲ್ಲದ್ದರಿಂದ ಅದನ್ನು ಕೆಟ್ಟದಾಗಿ ಮಾಡಿದ. ಮುದುಕಿಗೆ ಮಾತು ಕೊಟ್ಟ ಆರನೆಯ ದಿನ ಧಾರವಾಡಕ್ಕೆ ಹೋಗಿ, ಆಶ್ರಯದ ಜಗಲಿಯ ಮೇಲೆ ಬೆನ್ನು ತಿರುಗಿಸಿ ನಿಂತು, ಜೇಬಿನಲ್ಲಿ ತಂದಿದ್ದ ಒದ್ದೆ ಅರಿವೆಯಿಂದ ಗುಂಡನ್ನು ಒರೆಸಿ, ಓಡೋಡಿ ಆಫೀಸಿಗೆ ಒಯ್ದು ಮೇಜಿನ ಮೇಲಿಟ್ಟ. ಪಾದರಸ ಐವತ್ತೈದರ ಕೆಳಗಿತ್ತು. ಅದರ ತುದಿಯಿಂದ ಒಂದು ಹನಿ ನೀರು ಕಮಿಟಿಯ ಠರಾವಿನ ಪುಸ್ತಕದ ಮೇಲೆ ಟಪ್ಪೆಂದು ಬಿತ್ತು.

"ಈ ನೀರು ಎಲ್ಲಿಂದ ಬಂತು, ಸಾಬ?" ಎಂದು ಪಾಲ್ ಮಾಸ್ತರರು ಕೇಳಿದರು.

"ಥಂಡಿಗೆ ಅದಕ್ಕೂ ಬೆವರ ಬಂದೈತ್ರಿ" ಎಂದ ಗೌಸಮೊದ್ದೀನ.

ಪಾಲ್ ಮಾಸ್ತರರು ಕೂಗಾಡಲಿಲ್ಲ. ಅಂಕಿಗೆ ಮೋಸ ಮಾಡಿದವನನ್ನು ಕಂಡು ಅವರಿಗೆ ನಿಜವಾಗಿ ದುಃಖವಾಯಿತು. ನೋಡನೋಡುತ್ತ ಗುಂಡು ಒಣಗಿ ಪಾದರಸ ಅರವತ್ತಕ್ಕೆ ಬಂದು ನಿಂತಿತು. ಇಂಥವನು ರಜಾಯಿಯೊಳಗೆ ಅರಳೆಯನ್ನೇ ತುಂಬುತ್ತಾನೆಂಬ ಖಾತ್ರಿ ಇಲ್ಲ, ಈ ಕೆಲಸ ಇಲ್ಲಿಗೆ ಬೇಡ, ಮುಂದಿನ ವರ್ಷ ನೋಡೋಣ ಎಂದು ಅವರು ತಣ್ಣಗೆ ಹೇಳಿದರು. ಗಡಿಯಾರವನ್ನು ಅಂಗಿಯೊಳಗೆ ಕಂಕುಳಲ್ಲಿ ಅವುಚಿಕೊಂಡು ಗೌಸಮೊದ್ದೀನ ಹೊರಬಂದ. ಅವನ ಕಣ್ಣು ತುಂಬಿತ್ತು. ಮೊದಲು ಅವನಿಂದ ರಜಾಯಿ ತಡವಾಗಿತ್ತು, ಈಗ ಅವನಿಂದಲೇ ಅದು ಇಲ್ಲವೇ ಆಗಿತ್ತು.

ಗ್ರೇಸಿಬಾಯಿ ಅವನನ್ನು ಒಳಗೆ ಕರೆದಳು. ರಾಹೇಲ ಮೂರು ದಿನದಿಂದ ಎದ್ದಿರಲಿಲ್ಲ, ಕೆಮ್ಮು ಎದೆಗಿಳಿದಿತ್ತು. ಡಾಕ್ಟರರು ಬಂದು ಬೆಚ್ಚಗಿಡಿ ಎಂದು ಬರೆದುಕೊಟ್ಟು ಹೋಗಿದ್ದರು. ರಜಾಯಿ ಸಾಬ ಬಂದನೇ ಎಂದು ಅವಳು ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದಳಂತೆ. ಗೌಸಮೊದ್ದೀನ ಹಾಸಿಗೆಯ ಪಕ್ಕ ಕೂತ. ಅವಳ ಕೈ ಹಿಡಿದರೆ ಕಂಚಿನ ತಂಬಿಗೆ ಮುಟ್ಟಿದಂತಿತ್ತು. ಅವಳ ಬೆರಳುಗಳನ್ನು ಒಂದೊಂದಾಗಿ ತನ್ನ ಅಂಗೈಯಲ್ಲಿ ತಿಕ್ಕಿದ, ಅವು ಕಾವೇರಲಿಲ್ಲ. ಕಡೆಗೆ ಎದ್ದು, ಈ ಶನಿಯನ್ನು ಇಲ್ಲೇ ಕಲ್ಲಿಗೆ ಒಡೆದುಬಿಡುತ್ತೇನೆಂದು ಕಂಕುಳಿನಿಂದ ಗಡಿಯಾರವನ್ನು ಹೊರತೆಗೆದ.

ಪಾದರಸ ತೊಂಬತ್ತರಲ್ಲಿತ್ತು. ಅವನ ಮೈಯ ಕಾವಿಗೆ ಏರಿತ್ತು, ಇದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಕಿಟಕಿಯ ಗಾಳಿ ತಾಗಿದ್ದೇ, ಅದು ಅವನ ಕಣ್ಣೆದುರಿಗೇ ಬಿದ್ದೆನೋ ಕೆಟ್ಟೆನೋ ಎಂದು ಕೆಳಗೆ ಓಡಿತು. ಎಂಬತ್ತು, ಎಪ್ಪತ್ತು, ಅರವತ್ತೈದು. ಗುಂಡು ಒಣಗಿತ್ತು, ನೀರಿನ ಹನಿಯೂ ಇರಲಿಲ್ಲ. ಗೌಸಮೊದ್ದೀನ ಅದನ್ನು ಮತ್ತೆ ಕಂಕುಳಲ್ಲಿಟ್ಟು ಕಾಯಿಸಿದ. ಈ ಸಲ ಗಾಳಿಯಿಲ್ಲದ ಉಗ್ರಾಣದ ಮೂಲೆಗೆ ಹೋಗಿ ತೆಗೆದ. ಅಲ್ಲಿ ಅದು ಮದುವೆ ಮನೆಯಿಂದ ಹೊರಡುವ ಮುದುಕನ ಹಾಗೆ, ನಿಂತು ನಿಂತು, ಮೆಲ್ಲಮೆಲ್ಲನೆ ಇಳಿಯಿತು. ಅವನು ಮೂರು ಸಲ ಹೀಗೆ ಮಾಡಿದ. ಆಮೇಲೆ ಬಾಗಿಲು ತಟ್ಟದೆ ಪಾಲ್ ಮಾಸ್ತರರ ಆಫೀಸಿಗೆ ನುಗ್ಗಿದ.

"ಸಾಹೇಬ್ರ, ಇದನ್ನ ಕೇಳಿ ನಾವು ಕೆಟ್ಟಿವ್ರಿ" ಎಂದ. "ಕಂಬದ ಮ್ಯಾಲ ತೂಗಬಿದ್ದಾಗ ಇದು ಹೆಣ ಇದ್ದಂಗ. ಮೈಯಾಗ ಕಾವ ಇಲ್ಲ, ಗಾಳಿ ಇದರ ಕಡಿಂದ ಏನ ಕಸಗೊಂಡೀತು? ಕಾವ ಇದ್ದವರ ಕಡಿಂದ ಕಸಗೊಂತೈತ್ರಿ ಅದು. ಜೀವ ಇದ್ದವರ ಕಡಿಂದ."

ಪಾಲ್ ಮಾಸ್ತರರು ಅವನನ್ನು ಹೊರಗೆ ಕಳಿಸುವವರಿದ್ದರು. ಹಿಂದೆಯೇ ಬಂದ ಗ್ರೇಸಿಬಾಯಿ, ಇವನು ಮೋಸ ಮಾಡುತ್ತಾನೆಂಬ ಅನುಮಾನವಿದ್ದರೆ ನಿಮ್ಮ ಕೈಯಿಂದಲೇ ಮಾಡಿ ನೋಡಿ, ಎಣಿಸುವುದು ನಿಮಗೆ ಬರುತ್ತದಲ್ಲ ಎಂದಳು. ಎಣಿಸುವುದು ಎಂಬ ಮಾತು ಪಾಲ್ ಮಾಸ್ತರರನ್ನು ಕುರ್ಚಿಯಿಂದ ಎಬ್ಬಿಸಿತು. ಅವರು ಗುಂಡನ್ನು ಕರವಸ್ತ್ರದಿಂದ ಒರೆಸಿ, ಮೂಸಿ ನೋಡಿ, ಕೋಟಿನ ಏಳು ಗುಂಡಿ ಬಿಚ್ಚಿ, ತಮ್ಮ ಸ್ವಂತ ಕಂಕುಳಲ್ಲಿ ಇಟ್ಟುಕೊಂಡು ಗಂಭೀರವಾಗಿ ನಿಂತರು. ಎದ್ದು ನಡೆಯಬಲ್ಲ ಮುದುಕಿಯರೆಲ್ಲ ಬಾಗಿಲಲ್ಲಿ ಸೇರಿದರು. ಸೆಕ್ರೆಟರಿ ಸಾಹೇಬರು ರೆಕ್ಕೆ ಮುರಿದ ಕೋಳಿಯ ಹಾಗೆ ಒಂದು ತೋಳು ಅವುಚಿ ನಿಂತದ್ದನ್ನು ಕಂಡು ಅವರು ಆ ವರ್ಷದಲ್ಲಿ ಮೊದಲ ಸಲ ನಕ್ಕರು.

ಮುಚ್ಚಿದ ಆಫೀಸಿನಲ್ಲಿ ಪಾದರಸ ತೊಂಬತ್ತರಿಂದ ಅರವತ್ತೈದಕ್ಕೆ ಇಳಿಯುವಷ್ಟರಲ್ಲಿ ಪಾಲ್ ಮಾಸ್ತರರು ಮುನ್ನೂರ ಹತ್ತರ ತನಕ ಎಣಿಸಿದರು. ಮುದುಕಿಯರ ಕೋಣೆಯಲ್ಲಿ, ರಾಹೇಲಳ ಹಾಸಿಗೆಯ ಪಕ್ಕದ ಕಿಟಕಿಯಲ್ಲಿ, ಅರವತ್ತೆಂಟು ಎಣಿಸುವುದರೊಳಗೆ ಪಾದರಸ ಅದೇ ಅರವತ್ತೈದಕ್ಕೆ ಬಂದಿತ್ತು. ಎಲ್ಲೋ ತಪ್ಪಿತೆಂದು ಮತ್ತೆ ಮಾಡಿದರು. ಈ ಸಲ ಎಣಿಕೆ ಅರವತ್ತಾರಕ್ಕೇ ಮುಗಿಯಿತು. ಮೂರನೆಯ ಸಲ ಎಣಿಸುವಾಗ ಅವರ ಎಣಿಕೆ ತಡವರಿಸತೊಡಗಿತು. ಬಹಳ ಹೊತ್ತು ಬಿಚ್ಚಿದ ಕೋಟಿನಲ್ಲಿ ಆ ಕಿಟಕಿಯ ಎದುರು ನಿಂತಿದ್ದರು, ತುಟಿ ಬೆಳ್ಳಗಾಗಿತ್ತು.

"ಗ್ರೇಸಿಬಾಯಿ, ಆ ಕಿಟಕಿ ಮುಚ್ಚರಿ" ಎಂದರು.

"ಅದಕ್ಕ ಕದಾ ಇಲ್ಲರಿ, ಮಾಸ್ತರ" ಎಂದಳು ಗ್ರೇಸಿಬಾಯಿ.

ಪಾಲ್ ಮಾಸ್ತರರು ಎಣಿಸುವುದನ್ನು ನಿಲ್ಲಿಸಿದರು. ಕೋಣೆಯ ಉದ್ದಕ್ಕೂ ಹದಿನೆಂಟು ಹಾಸಿಗೆಗಳನ್ನು ಒಂದೊಂದಾಗಿ ನೋಡಿದರು. ಆ ಮನೆಗೆ ಅವರು ಬರಲಾರಂಭಿಸಿ ಏಳು ವರ್ಷವಾಗಿತ್ತು. ಆಫೀಸಿಗೆ ಹೋಗಿ ಬಟ್ಟೆಯ ಗಂಟನ್ನು ತಾವೇ ಹೊತ್ತುತಂದು ಗೌಸಮೊದ್ದೀನನ ಕಾಲ ಬಳಿ ಇಟ್ಟರು. ಕಮಿಟಿಯ ಸಭೆ ಶನಿವಾರ ಸೇರುವುದಿತ್ತು, ಅದು ಸೇರಿ ಒಪ್ಪುವ ತನಕ ಕಾಯುವುದು ಬೇಡ, ಇಲ್ಲೇ ಬಂದು ಹಿಂಜು, ಇಲ್ಲೇ ಹೊಲಿ ಎಂದರು. ಆ ಸಂಜೆಯೇ ಬಡಿಗನನ್ನು ಕರೆಸಿ ಕಿಟಕಿಗಳ ಅಳತೆಯನ್ನೂ ಕೊಟ್ಟರು.

ಗೌಸಮೊದ್ದೀನ ಹುಬ್ಬಳ್ಳಿಗೆ ಹೋಗಿ, ಅರಳೆಯ ಮೂಟೆ, ಬಿಲ್ಲು, ಮಾಶಾಬಿ ಮೂವರನ್ನೂ ಕರೆದುಕೊಂಡು ಮರುದಿನದ ಮೊದಲ ಗಾಡಿಗೆ ಧಾರವಾಡಕ್ಕೆ ಬಂದ. ಹಿತ್ತಲ ಗೋಡೆಯ ಮರೆಯಲ್ಲಿ ಕೂತು ಬಿಲ್ಲು ಹೊಡೆಯತೊಡಗಿದ. ಅವನು ಇಷ್ಟು ಲಗುಬಗೆಯಿಂದ ಎಂದೂ ಹಿಂಜಿರಲಿಲ್ಲ, ಮಾಶಾಬಿ ಇಷ್ಟು ಅವಸರದ ಹೊಲಿಗೆ ಎಂದೂ ಹಾಕಿರಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಮೊದಲ ರಜಾಯಿ ಮುಗಿಯಿತು. ಅವನು ಹೇಳಿದ್ದ ಎಂಟು ದಿನಕ್ಕೆ ಇನ್ನೂ ಒಂದು ದಿನ ಬಾಕಿಯಿತ್ತು. ತಾನೇ ಒಯ್ದು ರಾಹೇಲಳಿಗೆ ಕಾಲಿನಿಂದ ಗದ್ದದ ತನಕ ಹೊದಿಸಿದ, ಅಂಚುಗಳನ್ನು ಮೈಯ ಕೆಳಗೆ ಸೇರಿಸಿದ, ಅವಳು ಬೆಚ್ಚಗಾಗುವುದನ್ನು ನೋಡಲು ಮಂಡಿಯೂರಿ ಕೂತ.

ಅವಳು ಬೆಚ್ಚಗಾಗಲಿಲ್ಲ. ಒಂದು ತಾಸು ಕಳೆದು ಒಳಗೆ ಕೈ ಹಾಕಿದರೆ ರಜಾಯಿಯೂ ತಣ್ಣಗಿತ್ತು. ಗೌಸಮೊದ್ದೀನ ಗಾಬರಿಯಾಗಿ ಅರಳೆಯನ್ನು ಅಮುಕಿ ನೋಡಿದ, ಹೊಲಿಗೆಗಳನ್ನು ಎಳೆದು ನೋಡಿದ. ಕೆಲಸದಲ್ಲಿ ಲೋಪವಿರಲಿಲ್ಲ. ಮೂವತ್ತು ವರ್ಷ ಆ ಕಸುಬು ಮಾಡಿದವನಿಗೆ, ರಜಾಯಿಯೊಳಗೆ ಬೆಂಕಿಯಿಲ್ಲ, ಅದು ಇರುವ ಕಾವನ್ನು ಕಾಯುತ್ತದೆ ಅಷ್ಟೇ, ಹೋದದ್ದನ್ನು ತಂದುಕೊಡುವುದಿಲ್ಲ ಎಂಬುದು ಅಂದು ಮೊದಲ ಸಲ ತಿಳಿಯಿತು. ಈ ಮುದುಕಿಯಲ್ಲಿ ಕಾಯಲು ಏನೂ ಉಳಿದಿರಲಿಲ್ಲ. ಅಷ್ಟು ದಿನಗಳ ಗಾಳಿ ಎಲ್ಲವನ್ನೂ ಒಯ್ದಿತ್ತು.

ಮಾಶಾಬಿ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಸೂಜಿ ಚುಚ್ಚದಂತೆ ಬೆರಳಿಗೆ ಹಾಕಿದ್ದ ಅಂಗುಸ್ತಾನವನ್ನು ತೆಗೆದು ಗಂಡನ ಕೈಗೆ ಕೊಟ್ಟಳು. "ನೀವು ಅತ್ತಾಗ ಸರೀರಿ" ಎಂದು ಹೇಳಿ, ರಜಾಯಿ ಎತ್ತಿ ಒಳಗೆ ಸೇರಿ, ರಾಹೇಲಳನ್ನು ಹಿಂದಿನಿಂದ ತಬ್ಬಿಕೊಂಡು ಮಲಗಿದಳು. ಆ ತಣ್ಣಗಿನ ಕಾಲುಗಳನ್ನು ತನ್ನ ಕಾಲುಗಳ ನಡುವೆ ಇಟ್ಟುಕೊಳ್ಳುವಾಗ ಅವಳ ಮುಖ ಒಮ್ಮೆ ಮುದುಡಿತು. ಗ್ರೇಸಿಬಾಯಿ ಕಿಟಕಿಗೆ ಚಾಪೆ ಕಟ್ಟಿದಳು.

ಸಂಜೆಯ ಹೊತ್ತಿಗೆ ರಾಹೇಲ ಕಣ್ಣು ತೆರೆದಳು. ಬೆನ್ನ ಹಿಂದೆ ಯಾರಿದ್ದಾರೆಂಬುದು ಅವಳಿಗೆ ಕಾಣಲಿಲ್ಲ, ತಿಳಿಯಲೂ ಇಲ್ಲ. ಕೈಯನ್ನು ರಜಾಯಿಯ ಮೇಲೆ ನಿಧಾನವಾಗಿ ಆಡಿಸಿದಳು.

"ಸಾಬಾ" ಎಂದಳು. "ಎಷ್ಟ ಬೆಚ್ಚಗ ಐತೋ ಇದು. ಇಂಥಾ ರಜಾಯಿ ನಾ ಹುಟ್ಟಿದಾಗಿಂದ ಹೊದ್ದಿಲ್ಲ."

ತನ್ನ ರಜಾಯಿಯ ಬಗ್ಗೆ ಯಾರಾದರೂ ಹೀಗೆ ಹೇಳಬೇಕೆಂದು ಗೌಸಮೊದ್ದೀನ ಮೂವತ್ತು ವರ್ಷ ಆಸೆಪಟ್ಟಿದ್ದ. ರಜಾಯಿಯ ಅಂಚಿನಿಂದ ಮಾಶಾಬಿ, ಹೂಂ ಅನ್ನಿ ಎಂದು ಕಣ್ಣಿನಲ್ಲೇ ಹೇಳಿದಳು. ಅವಳ ಹಲ್ಲುಗಳು ಸದ್ದಾಗದಂತೆ ಕಚ್ಚಿಕೊಂಡಿದ್ದವು.

"ಹೂಂ, ಆಯಿ" ಎಂದ ಗೌಸಮೊದ್ದೀನ. "ಅರಳಿ ಛಲೋದೈತಿ."

ದೀಪ ಹಚ್ಚುವ ಹೊತ್ತಿಗೆ ಮಾಶಾಬಿ ಒಬ್ಬಳೇ ಹೊರಗೆ ಬಂದಳು. ರಜಾಯಿಯನ್ನು ಅವಳು ರಾಹೇಲಳ ಮುಖದ ಮೇಲೂ ಎಳೆದು ಬಂದಿದ್ದಳು. ಗಂಡನ ಎದುರು ಬಂದು ಕೂತು, ಅಂಗುಸ್ತಾನ ಕೊಡಿರೆಂದು ಕೈ ಚಾಚಿದಳು. ಆ ಕೈ ಕಂಚಿನ ಹಾಗೆ ತಣ್ಣಗಿತ್ತು. ಒಳಗೆ ಇನ್ನೂ ಹದಿನೇಳು ಜನ ಇದ್ದರು. ಗೌಸಮೊದ್ದೀನ ಬಿಲ್ಲನ್ನು ಎತ್ತಿಕೊಂಡ.